ತಕ್ಕಡಿಯಮ್ಮನ ತಪಾಸಣೆ

ಮೂವತ್ತೊಂದು ವರ್ಷ ಆಕೆ ಮಾಡಿದ್ದು ಒಂದೇ ಕೆಲಸ, ಅಂಗಡಿಯವರ ತಕ್ಕಡಿಯನ್ನು ನಂಬದಿರುವುದು. ತೂಕ-ಅಳತೆ ಇಲಾಖೆಯ ಇನ್‌ಸ್ಪೆಕ್ಟರ್ ಆಗಿ ಆಕೆ ಕಾಲಿಡದ ಮಾರುಕಟ್ಟೆ ಆ ಊರಿನಲ್ಲಿರಲಿಲ್ಲ. ತಟ್ಟೆ ಮಗುಚಿ, ಅಡಿಯಲ್ಲಿ ಅಂಟಿಸಿದ ಹುಣಸೆಹಣ್ಣಿನ ಉಂಡೆಯನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದಳು. ಒಳಗೆ ಟೊಳ್ಳು ಕೊರೆದ ತೂಕದ ಕಲ್ಲನ್ನು ಬರಿಯ ಅಂಗೈಯಲ್ಲಿ ಹಿಡಿದೇ ಇದು ಕಳ್ಳ ಕಲ್ಲು ಎಂದು ಹೇಳಿಬಿಡುತ್ತಿದ್ದಳು. ಆಕೆ ಬೀದಿಯ ಈ ತುದಿಯಲ್ಲಿ ಕಂಡರೆ ಆ ತುದಿಯ ಅಂಗಡಿಗಳಲ್ಲಿ ತೂಕ ತಾನಾಗಿ ಸರಿಹೋಗುತ್ತಿತ್ತು ಎನ್ನುವುದು ಆಗಿನ ಮಾತು. ತಕ್ಕಡಿಯಮ್ಮ ಎಂಬ ಹೆಸರು ಬಿದ್ದದ್ದು ಆಗಲೇ. ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಆಮೇಲೆ ಮುಖದೆದುರೇ ಅನ್ನತೊಡಗಿದರು, ಕೊನೆಗೆ ಆಕೆಯ ಸ್ವಂತ ಹೆಸರು ಪಿಂಚಣಿಯ ಕಾಗದದಲ್ಲಿ ಮಾತ್ರ ಉಳಿಯಿತು.

ಇಂಥ ಕೆಲಸ ಮಾಡಿದವರ ಕಣ್ಣು ಮನೆಗೆ ಬಂದ ಮೇಲೂ ಸುಮ್ಮನಿರುವುದಿಲ್ಲ. ಹಾಲಿನವನು ಒಂದು ತೊಟ್ಟು ಹೆಚ್ಚು ಸುರಿದರೆ ಆಕೆಗೆ ಖುಷಿಯಾಗುತ್ತಿರಲಿಲ್ಲ, ಇವನು ಮುಚ್ಚಿಡುತ್ತಿರುವುದೇನು ಎಂಬ ಯೋಚನೆ ಹತ್ತುತ್ತಿತ್ತು. ಕೊಸರು ಕೊಡುವ ಕೈಯನ್ನೇ ಮೊದಲು ನೋಡಬೇಕು ಎಂದು ಕಿರಿಯ ಇನ್‌ಸ್ಪೆಕ್ಟರುಗಳಿಗೆ ಪಾಠ ಹೇಳುತ್ತಿದ್ದಳು. ತನ್ನನ್ನು ನೋಡಲು ಬಂದ ಗಂಡುಗಳನ್ನೂ ಹೀಗೆಯೇ ಅಳೆದು ತೂಗಿ, ಯಾರಲ್ಲೂ ಸರಿತೂಕ ಕಾಣದೆ ಒಂಟಿಯಾಗಿ ಉಳಿದಳು ಎಂದು ಆಕೆಯ ತಂಗಿ ಬದುಕಿರುವವರೆಗೂ ತಮಾಷೆ ಮಾಡುತ್ತಿದ್ದಳು. ತಂಗಿ ಹೋದ ಮೇಲೆ ಹತ್ತಿರದವಳೆಂದರೆ ತಂಗಿಯ ಮಗಳು. ಅವಳು ಒಂದು ಶಾಲೆಯ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದಳು. ಭಾನುವಾರಕ್ಕೊಮ್ಮೆ ಬರುತ್ತಿದ್ದಳು, ಬಾರದ ಭಾನುವಾರ ಫೋನು ಮಾಡುತ್ತಿದ್ದಳು.

ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಾಗ ವೃದ್ಧಾಶ್ರಮಕ್ಕೆ ಸೇರುತ್ತೇನೆಂದು ಹೇಳಿದವಳು ತಕ್ಕಡಿಯಮ್ಮನೇ. ತಂಗಿಯ ಮಗಳು ತನ್ನ ಮನೆಗೇ ಕರೆದಳು, ಈಕೆ ಬೇಡವೆಂದಳು. ಕೈಗೆ ಹಾಕಿದ ಪಟ್ಟಿ ಬಿಚ್ಚುವ ಮೊದಲೇ ಏಳು ಆಶ್ರಮಗಳನ್ನು ನೋಡಿ ಬಂದಳು. ಬೇರೆಯವರು ತೋಟ, ಟೀವಿ, ದೇವರ ಮನೆ ಎಂದು ನೋಡಿದರೆ ಈಕೆ ನೇರ ಅಡುಗೆಮನೆಗೆ ಹೋಗಿ ಕಸದ ಬುಟ್ಟಿಯ ಮುಚ್ಚಳ ತೆಗೆದು ನೋಡುತ್ತಿದ್ದಳು. ಕೊನೆಗೆ ಒಪ್ಪಿದ್ದು ಇಪ್ಪತ್ತೆಂಟು ಜನರಿದ್ದ ಒಂದು ಒಂದಂತಸ್ತಿನ ಕಟ್ಟಡವನ್ನು. ರಸ್ತೆಯ ಕಡೆಗೆ ಕಿಟಕಿಯಿರುವ ಮುಂದಿನ ಸಾಲು, ಅಲ್ಲಿಂದ ಉದ್ದನೆಯ ಒಂದು ಪಡಸಾಲೆ, ಪಡಸಾಲೆ ತಿರುಗಿದಲ್ಲಿ ಹಿಂದಿನ ಸಾಲು. ತಮ್ಮ ಪಾಡಿಗೆ ತಾವು ಓಡಾಡಬಲ್ಲವರು ಮುಂದಿನ ಸಾಲಿನಲ್ಲಿರುತ್ತಿದ್ದರು. ಎತ್ತಿ ಕೂರಿಸಬೇಕಾದವರು, ಹಿಡಿದು ನಡೆಸಬೇಕಾದವರು ಹಿಂದಿನ ಸಾಲಿನಲ್ಲಿ. ಮುಂದಿನ ಸಾಲಿನವರಿಗೆ ಆ ತಿರುವು ಎಂದರೆ ಅಲ್ಲಿಗೆ ಭೂಮಿ ಮುಗಿದಂತೆ. ಯಾರೂ ಆ ಕಡೆ ಹೋಗುತ್ತಿರಲಿಲ್ಲ. ಅದರ ಬಗ್ಗೆ ಮಾತು ಬಂದರೆ ದನಿ ತಗ್ಗುತ್ತಿತ್ತು.

ಆಕೆ ಸೇರಿದ ಎರಡನೇ ವರ್ಷ ಊಟದ ಮನೆಯ ಗೋಡೆಗೆ ಒಂದು ಕಾಗದ ಅಂಟಿತು. ತಿಂಗಳ ಮೊದಲ ಗುರುವಾರ ಆರೋಗ್ಯ ತಪಾಸಣೆ, ಆಮೇಲೆ ಅರ್ಧ ಗಂಟೆ ಆರೋಗ್ಯದ ಬಗ್ಗೆ ತಿಳಿವಳಿಕೆ, ಎಲ್ಲವೂ ಉಚಿತ ಎಂದು ಅದರಲ್ಲಿ ಬರೆದಿತ್ತು. ತಕ್ಕಡಿಯಮ್ಮ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದಳು. ಉಚಿತ ಎಂಬ ಪದದ ಹತ್ತಿರ ಬಂದಾಗ ಎರಡೂ ಸಲ ಆಕೆಯ ಹುಬ್ಬು ಗಂಟಾಯಿತು.

ತಪಾಸಣೆಗೆ ಬಂದವಳು ನಲವತ್ತರ ಆಸುಪಾಸಿನ ಒಬ್ಬ ನರ್ಸು. ಹೆಗಲಿಗೊಂದು ದೊಡ್ಡ ಚೀಲ, ಕೈಯಲ್ಲೊಂದು ತೂಕದ ಯಂತ್ರ. ರಕ್ತದೊತ್ತಡ, ಸಕ್ಕರೆ, ತೂಕ, ಕಣ್ಣು, ನೆನಪು, ಹೀಗೆ ಒಂದೊಂದನ್ನೇ ನೋಡಿ ಉದ್ದನೆಯ ಹಾಳೆಯಲ್ಲಿ ಬರೆದುಕೊಂಡಳು. ಮಾತು ಮೆದು, ನಗು ಹೆಚ್ಚು. ಮಂಚದಿಂದ ಏಳುವಾಗ ಒಂದು ನಿಮಿಷ ಕೂತು ಆಮೇಲೆ ನಿಲ್ಲಬೇಕೆಂದು ತಾನೇ ಕುರ್ಚಿಯ ಮೇಲೆ ಕೂತು, ಎದ್ದು ತೋರಿಸಿದಳು. ಎಲ್ಲರಿಗೂ ಹಿಡಿಸಿದಳು. ತಕ್ಕಡಿಯಮ್ಮನಿಗೆ ಹಿಡಿಸದೇ ಹೋದದ್ದು ಅದಕ್ಕೇ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಪಕ್ಕದ ಕುರ್ಚಿಯಲ್ಲಿದ್ದ ಡ್ರೈವರಣ್ಣನಿಗೆ ಹೇಳಿದಳು.

ಆ ವಾರ ಕಳೆಯುವುದರೊಳಗೆ ಮೇಷ್ಟ್ರ ಮಂಚ ಹಿಂದಿನ ಸಾಲಿಗೆ ಹೋಯಿತು.

ಮೇಷ್ಟ್ರು ಮುಂದಿನ ಸಾಲಿನ ಮೂರನೇ ಕೋಣೆಯವರು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಬೆಳಗಿನ ಪೇಪರನ್ನು ಜೋರಾಗಿ ಓದಿ ಎಲ್ಲರಿಗೂ ಕೇಳಿಸುತ್ತಿದ್ದರು. ನರ್ಸಿನ ಹಾಳೆಗೂ ಮೇಷ್ಟ್ರ ಮಂಚಕ್ಕೂ ನಂಟು ಹಾಕಲು ಯಾರಿಗೂ ಹೆಚ್ಚು ಹೊತ್ತು ಬೇಕಾಗಲಿಲ್ಲ. ಯಾರು ಮೊದಲು ಅಂದರೋ, ನೆನಪಿನ ಪರೀಕ್ಷೆಯಲ್ಲಿ ಮೇಷ್ಟ್ರು ತಪ್ಪಿದರಂತೆ, ಅದಕ್ಕೇ ಸಾಗಿಸಿದರಂತೆ ಎಂಬ ಮಾತು ಮಧ್ಯಾಹ್ನದ ಚಹಾ ಮುಗಿಯುವುದರೊಳಗೆ ಗಟ್ಟಿಯಾಗಿಬಿಟ್ಟಿತ್ತು. ತಕ್ಕಡಿಯಮ್ಮ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಆದರೆ ಅಂದಿನಿಂದ ಆ ಹಾಳೆಯ ಮೇಲೆ ಒಂದು ಕಣ್ಣಿಟ್ಟಳು.

ಎರಡನೇ ತಿಂಗಳ ಹೊತ್ತಿಗೆ ಮುಂದಿನ ಸಾಲಿನವರೆಲ್ಲ ಪರೀಕ್ಷೆಗೆ ಓದುವ ಮಕ್ಕಳಂತಾಗಿದ್ದರು. ನರ್ಸು ಕೇಳುವ ಪ್ರಶ್ನೆಗಳು ಕಿವಿಯಿಂದ ಕಿವಿಗೆ ದಾಟಿದ್ದವು. ಇವತ್ತು ಯಾವ ವಾರ, ಯಾವ ತಿಂಗಳು, ನೂರರಿಂದ ಏಳು ಕಳೆಯುತ್ತಾ ಹೋಗಿ, ಈ ಮೂರು ಪದ ನೆನಪಿಟ್ಟುಕೊಳ್ಳಿ. ಮೂರು ಪದ ಯಾವುವೆಂದು ಎಲ್ಲರಿಗೂ ಬಾಯಿಪಾಠ. ಡ್ರೈವರಣ್ಣ ಎಂಬತ್ತರ ಮುದುಕ, ಒಂದು ಕಾಲಕ್ಕೆ ಲಾರಿಯಲ್ಲಿ ಮೂರು ಹಗಲು ಮೂರು ರಾತ್ರಿ ನಿದ್ದೆಯಿಲ್ಲದೆ ಓಡಾಡಿದವನು. ಅವನು ಆತುರಕ್ಕೆ ಕುರ್ಚಿಯಲ್ಲಿ ಕೂರುವಾಗಲೇ "ಬೀಗ, ಕೊಡೆ, ನಿಂಬೆಹಣ್ಣು" ಎಂದುಬಿಟ್ಟ. ನರ್ಸು ಪೆನ್ನು ಕೆಳಗಿಟ್ಟು ಅವನನ್ನೇ ನೋಡಿದಳು. ನಾನಿನ್ನೂ ಹೇಳೇ ಇಲ್ವಲ್ಲ ಅಪ್ಪಾಜಿ, ಎಂದಳು. ಮುಂದಿನ ತಿಂಗಳಿಂದ ಪದಗಳು ಬದಲಾದವು.

ತಕ್ಕಡಿಯಮ್ಮ ಮಾತ್ರ ಮೂರು ತಿಂಗಳು ಕೈಗೇ ಸಿಗಲಿಲ್ಲ. ಒಂದು ಗುರುವಾರ ತಲೆನೋವು, ಇನ್ನೊಂದು ಗುರುವಾರ ಬಚ್ಚಲು, ಮತ್ತೊಂದು ಗುರುವಾರ ತಂಗಿಯ ಮಗಳ ಜೊತೆ ಬ್ಯಾಂಕು. ನಾಲ್ಕನೇ ತಿಂಗಳು ನರ್ಸು ಯಂತ್ರ ಹೊತ್ತು ಆಕೆಯ ಕೋಣೆಗೇ ಬಂದಳು. ತಪ್ಪಿಸಿಕೊಳ್ಳಲು ಬಾಗಿಲು ಒಂದೇ, ಆ ಬಾಗಿಲಲ್ಲಿ ನರ್ಸೇ ನಿಂತಿದ್ದಳು. ಮಂಚದ ಪಕ್ಕದ ಚಾಪೆಯ ಮೇಲೆ ಯಂತ್ರ ಇಟ್ಟಳು, ತಕ್ಕಡಿಯಮ್ಮ ಹತ್ತಿದಳು. ನಲವತ್ತಾರು ಕಿಲೋ, ನಾನೂರು ಗ್ರಾಂ. ಸೇರುವಾಗ ಐವತ್ತಮೂರಿತ್ತು ಎಂದು ನರ್ಸು ಹಳೆಯ ರಿಜಿಸ್ಟರು ನೋಡಿ ಹೇಳಿದಳು, ಆರೂವರೆ ಕಿಲೋ ಇಳಿದಿದೆ.

"ನಾನು ಇಳಿದಿಲ್ಲ, ನಿಮ್ಮ ಯಂತ್ರ ಇಳಿಸಿದೆ" ಎಂದಳು ತಕ್ಕಡಿಯಮ್ಮ. "ಮೆತ್ತನೆ ಜಾಗದಲ್ಲಿಟ್ಟ ಯಂತ್ರ ನಿಜ ಹೇಳಲ್ಲ ಸಿಸ್ಟರ್. ನೆಲದ ಮೇಲಿಡಿ."

ನರ್ಸು ಮುನಿಯಲಿಲ್ಲ. ಚಾಪೆ ಸರಿಸಿ ನೆಲದ ಮೇಲಿಟ್ಟಳು. ನಲವತ್ತಾರು ಒಂಬೈನೂರು ತೋರಿಸಿತು. ಅರ್ಧ ಕಿಲೋ ಸುಳ್ಳು ಸಿಕ್ಕಿಬಿತ್ತು, ಆರು ಕಿಲೋ ಹಾಗೆಯೇ ಉಳಿಯಿತು. ತಕ್ಕಡಿಯಮ್ಮ ಅಷ್ಟಕ್ಕೇ ಬಿಡಲಿಲ್ಲ. ಗೇಟಿನ ಕಾವಲುಗಾರನನ್ನು ಕರೆದು ಇಪ್ಪತ್ತು ಲೀಟರಿನ ಖಾಲಿ ನೀರಿನ ಕ್ಯಾನನ್ನು ಯಂತ್ರದ ಮೇಲೆ ಇಡಿಸಿದಳು, ಏಳುನೂರು ಗ್ರಾಂ. ತುಂಬಿದ್ದನ್ನು ಇಡಿಸಿದಳು, ಇಪ್ಪತ್ತು ಕಿಲೋ ಆರುನೂರು. ಲೀಟರು ನೀರಿಗೆ ಒಂದು ಕಿಲೋ ಲೆಕ್ಕ. ನೂರು ಗ್ರಾಂ ಕಮ್ಮಿ, ಆದರೆ ಕ್ಯಾನಿನ ಕುತ್ತಿಗೆಯಲ್ಲಿ ಅಷ್ಟೇ ಜಾಗ ಖಾಲಿಯಿತ್ತು. ಯಂತ್ರ ಸರಿಯಿತ್ತು. ಮೂವತ್ತೊಂದು ವರ್ಷದ ನೌಕರಿಯಲ್ಲಾಗಲಿ ಆಮೇಲಾಗಲಿ, ತಕ್ಕಡಿ ಸರಿಯಿದೆ ಎಂದು ತಿಳಿದು ಆಕೆ ಹೆದರಿದ್ದು ಅದೇ ಮೊದಲು.

ಇವರೊಬ್ಬರದೇ ಅಲ್ಲ, ಮುಂದಿನ ಸಾಲಿನಲ್ಲಿ ಒಂಬತ್ತು ಜನರ ತೂಕ ಇಳಿದಿದೆ ಎಂದು ಹೊರಡುವಾಗ ನರ್ಸು ಅಂದಳು, ಕಾರಣ ತನಗೂ ತಿಳಿಯುತ್ತಿಲ್ಲವಂತೆ. ಆ ಮಾತು ತಕ್ಕಡಿಯಮ್ಮನ ತಲೆಯಲ್ಲಿ ಕೂತುಬಿಟ್ಟಿತು. ಯಂತ್ರ ಕಳ್ಳನಲ್ಲ ಅಂದಮೇಲೆ ಕಳ್ಳ ಬೇರೆಲ್ಲೋ ಇರಲೇಬೇಕು. ಒಂಬತ್ತು ಜನರ ಹೊಟ್ಟೆಗೆ ಹೋಗಬೇಕಾದ್ದು ಎಲ್ಲಿಗೆ ಹೋಗುತ್ತಿದೆ? ಮಾರನೆಯ ಬೆಳಿಗ್ಗೆ ಆಕೆ ಒಂದು ಸ್ಟೂಲು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ಕೂತಳು.

ಅಡುಗೆಯವನಿಗೆ ಐವತ್ತು ವಯಸ್ಸು, ದೊಡ್ಡ ಆಸ್ಪತ್ರೆಯೊಂದರ ಕ್ಯಾಂಟೀನಿನಲ್ಲಿ ಬೆಂದು ಬಂದವನು. ಮೊದಲ ದಿನ ಅವನು ಏನೂ ಅನ್ನಲಿಲ್ಲ. ಎರಡನೇ ದಿನ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟ. ತಕ್ಕಡಿಯಮ್ಮ ಬಂದ ಅಕ್ಕಿ ಚೀಲವನ್ನು ತೂಗಿಸಿದಳು, ಬೇಳೆ ತೂಗಿಸಿದಳು, ಒಲೆಗೆ ಹಾಕುವ ಮೊದಲು ತರಕಾರಿ ಎಷ್ಟೆಂದು ಕೇಳಿದಳು, ಹಾಲಿನ ಪಾತ್ರೆಗೆ ನೀರು ಬೀಳುತ್ತದೆಯೇ ಎಂದು ಕಣ್ಣೆವೆ ಮುಚ್ಚದೆ ನೋಡಿದಳು. ನಾಲ್ಕು ದಿನ ನೋಡಿದರೂ ಒಂದು ಕಾಳಿನ ವ್ಯತ್ಯಾಸ ಸಿಗಲಿಲ್ಲ. ಐದನೇ ದಿನ ಅಡುಗೆಯವನು ಸೌಟು ಕೆಳಗಿಟ್ಟು ಆಕೆಯ ಎದುರಿಗೆ ಬಂದು ನಿಂತ.

"ಅಮ್ಮಾ, ನಾನು ಹಾಕೋದನ್ನ ನೋಡಿದ್ರಿ. ಅವರು ಬಿಡೋದನ್ನ ನೋಡಿದ್ರಾ?"

ಹಾಗೆಂದು ಅವನು ಹಿತ್ತಲಿನ ಬಕೆಟ್ಟಿನ ಮುಚ್ಚಳ ತೆಗೆದ. ಅದರಲ್ಲಿ ಅರ್ಧ ಕಚ್ಚಿದ ಸೇಬಿನ ಹೋಳುಗಳಿದ್ದವು, ಬ್ರೆಡ್ಡಿನ ಅಂಚುಗಳಿದ್ದವು, ಅಗಿದು ಉಗಿದ ಸೊಪ್ಪಿನ ದಂಟು, ಕಾಗದದ ಕರವಸ್ತ್ರದಲ್ಲಿ ಸುತ್ತಿ ಮುಚ್ಚಿಟ್ಟ ಕಾಳು. ಏಳು ಕಿಲೋ ಬಂತು ಬಕೆಟ್ಟು. ದಿನಾ ಇಷ್ಟೇ ಬರುತ್ತದೆ, ಕೇಳಿದರೆ ಎಲ್ಲರೂ ಊಟ ಚೆನ್ನಾಗಿತ್ತಪ್ಪ ಅನ್ನುತ್ತಾರೆ, ನಾನೇನು ಮಾಡಲಿ ಎಂದ ಅಡುಗೆಯವನು. ಅವನ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. ತಕ್ಕಡಿಯಮ್ಮ ಸ್ಟೂಲು ಎತ್ತಿಕೊಂಡು ಎದ್ದಳು. ಆ ಸುತ್ತಿಟ್ಟ ಕರವಸ್ತ್ರಗಳಲ್ಲಿ ಎರಡು ತನ್ನವೇ ಎಂಬುದು ಆಕೆಗೆ ಗೊತ್ತಿತ್ತು.

ಒಂದು ವರ್ಷದಿಂದ ಆಕೆಯ ಕೆಳಗಿನ ಹಲ್ಲಿನ ಸೆಟ್ಟು ಸಡಿಲವಾಗಿತ್ತು. ಗಟ್ಟಿ ಪದಾರ್ಥ ಕಚ್ಚಿದರೆ ಅದು ಜಾರಿ ವಸಡಿಗೆ ಒತ್ತುತ್ತಿತ್ತು, ಒತ್ತಿದಲ್ಲಿ ಉರಿಯುತ್ತಿತ್ತು. ತನ್ನ ಪಾಡು ತನಗೆ ಎಂದು ಗಂಜಿ, ಹಾಲು, ನೆನೆಸಿದ ಬ್ರೆಡ್ಡಿನಲ್ಲೇ ದಿನ ತಳ್ಳಿದ್ದಳು. ಯಾರಿಗೂ ಹೇಳಿರಲಿಲ್ಲ. ಅಗಿಯಲಾಗದವರಿಗೆ ಅರೆದ ಊಟದ ತಟ್ಟೆ ಬರುತ್ತದೆ, ಅರೆದ ತಟ್ಟೆ ಬರುವುದು ಹಿಂದಿನ ಸಾಲಿನವರಿಗೆ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಆಕೆಯ ವಿಷಯದಲ್ಲಿ ಬರಿಯ ಗಾದೆಯಾಗಿರಲಿಲ್ಲ. ತನ್ನದು ತನಗೆ ಗೊತ್ತಿತ್ತು, ಉಳಿದ ಎಂಟು ಜನರದೂ ಇದೇ ಇರಬಹುದು ಎಂದು ಮಾತ್ರ ಅಂದುಕೊಂಡಿರಲಿಲ್ಲ.

ಅದು ತಿಳಿದದ್ದು ಮುಂದಿನ ತಿಂಗಳ ತಪಾಸಣೆಯ ಗುರುವಾರ. ತೂಕಕ್ಕೆ ಡ್ರೈವರಣ್ಣನ ಸರದಿ. ಅವನು ನಡೆದು ಬರುವ ರೀತಿಯಲ್ಲೇ ಏನೋ ಎಡವಟ್ಟು ಕಂಡಿತು ತಕ್ಕಡಿಯಮ್ಮನಿಗೆ. ಜೇಬುಗಳು ತೊಡೆಗೆ ತಾಗಿ ಅಲ್ಲಾಡುತ್ತಿದ್ದವು. ಯಂತ್ರ ಹತ್ತುವಾಗ ಅವನ ಕೈ ಜೇಬಿನ ಮೇಲೆ ಹೋಯಿತು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ. ನರ್ಸು ಸಂಖ್ಯೆ ಬರೆದುಕೊಂಡು, ಪರವಾಗಿಲ್ಲವೇ, ಒಂದು ಕಿಲೋ ಏರಿದ್ದೀರಿ ಎಂದಳು. ತಕ್ಕಡಿಯಮ್ಮ ಸುಮ್ಮನೆ ಅವನ ಹಿಂದೆ ಹಿಂದೆ ಪಡಸಾಲೆಗೆ ಹೋಗಿ, ಜೇಬು ಖಾಲಿ ಮಾಡು ಎಂಬಂತೆ ಅಂಗೈ ಚಾಚಿದಳು. ಎಷ್ಟೋ ಅಂಗಡಿಯವರ ಮುಂದೆ ಚಾಚಿದ್ದ ಅಂಗೈ ಅದು. ಡ್ರೈವರಣ್ಣ ಒಂದು ಜೇಬಿನಿಂದ ಬಾಗಿಲಿಗೆ ಒತ್ತುಕೊಡುವ ಕಬ್ಬಿಣದ ತುಂಡನ್ನೂ ಇನ್ನೊಂದು ಜೇಬಿನಿಂದ ಎರಡು ದೊಡ್ಡ ಬ್ಯಾಟರಿಗಳನ್ನೂ ತೆಗೆದು ಆ ಅಂಗೈ ಮೇಲಿಟ್ಟ.

"ಹೇಳ್ಬೇಡಿ ಅಮ್ಮ" ಅಂದ. "ಮೇಲಿನ ಹಲ್ಲು ಮೂರು ಉಳಿದಿವೆ, ಮೂರೂ ಅಲ್ಲಾಡ್ತವೆ. ತೂಕ ಇಳಿದ್ರೆ ಹಿಂದಕ್ಕೆ ಹಾಕ್ತಾರೆ. ಅಲ್ಲಿ ರಸ್ತೆ ಕಾಣಲ್ಲ."

ತಕ್ಕಡಿಯಮ್ಮ ಕಬ್ಬಿಣದ ತುಂಡನ್ನು ಕೈಯಲ್ಲೇ ತೂಗಿ ನೋಡಿದಳು. ಇಂಥದ್ದು ಎಷ್ಟು ಹಿಡಿದಿದ್ದಳೋ, ಎಷ್ಟು ಜನರ ಮೇಲೆ ಕೇಸು ಬರೆದಿದ್ದಳೋ. ಇವತ್ತು ಮಾತ್ರ ಬೈಯಲು ಬಾಯಿ ಬರಲಿಲ್ಲ. ಯಾರ್ಯಾರಿಗೆ ಹೀಗಿದೆ ಎಂದು ಕೇಳಿದಳು. ಡ್ರೈವರಣ್ಣ ಬೆರಳು ಮಡಚುತ್ತಾ ಹೋದ. ತನ್ನನ್ನು ಬಿಟ್ಟು ಏಳು ಜನ ಬಂದರು. ಎಂಟನೆಯದಕ್ಕೆ ಬೆರಳು ಎತ್ತಿ ಹಿಡಿದು ಆಕೆಯ ಮುಖ ನೋಡಿದ. ಗೊತ್ತು ಎಂದಳು ಆಕೆ, ಮುಂದಕ್ಕೆ ಹೇಳುವ ಅಗತ್ಯವಿಲ್ಲ.

ಈಗ ಆಕೆಗೆ ಉಳಿದದ್ದು ಆ ಹಾಳೆ. ನರ್ಸು ಚೀಲಕ್ಕೆ ಸಾಮಾನು ತುಂಬುತ್ತಿದ್ದಾಗ ಹೋಗಿ ಎದುರಿಗೆ ಕೂತಳು. ನೀವು ಬರೆಯುವ ಕಾಗದ ಎಲ್ಲಿಗೆ ಹೋಗುತ್ತದೆ ಎಂದು ನೇರವಾಗಿ ಕೇಳಿದಳು. ಒಂದು ಪ್ರತಿ ತಮ್ಮ ಆಸ್ಪತ್ರೆಗೆ, ಒಂದು ಈ ಆಶ್ರಮದ ಉಸ್ತುವಾರಿ ನೋಡುವ ಮೇಟ್ರನ್ ಮೇಡಂಗೆ ಎಂದಳು ನರ್ಸು. ನನ್ನದನ್ನು ತೋರಿಸಿ ಎಂದಳು ತಕ್ಕಡಿಯಮ್ಮ. ನರ್ಸು, ನಿಮ್ಮದನ್ನು ನೋಡುವ ಹಕ್ಕು ನಿಮಗಿದೆ ಎನ್ನುತ್ತಾ ಉಳಿದ ಸಾಲುಗಳಿಗೆ ಕೈ ಅಡ್ಡ ಹಿಡಿದು ಆಕೆಯ ಸಾಲನ್ನು ಮಾತ್ರ ತೋರಿಸಿದಳು. ರಕ್ತದೊತ್ತಡ, ಸಕ್ಕರೆ, ತೂಕ ಎಲ್ಲ ಆಕೆ ಕೇಳಿದಂತೆಯೇ ಇತ್ತು. ಕಟ್ಟಕಡೆಯ ಖಾನೆಯ ತಲೆಗೆ 'ಸೂಕ್ತ ಕೋಣೆ' ಎಂದಿತ್ತು. ಅದರ ಕೆಳಗೆ ಪೆನ್ಸಿಲಿನಲ್ಲಿ ಒಂದೇ ಪದ, ಹಿಂದೆ. ಅದರ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ.

ತಕ್ಕಡಿಯಮ್ಮ ಆ ಪದದ ಮೇಲೆ ಬೆರಳಿಟ್ಟಳು. ತಟ್ಟೆಯ ಅಡಿಯ ಹುಣಸೆಹಣ್ಣು ಕೊನೆಗೂ ಸಿಕ್ಕಿತ್ತು.

"ಇದನ್ನ ಯಾರು ಬರೀರಿ ಅಂದ್ರು?"

"ಆಫೀಸಿನವರು ಕೇಳಿದ್ರು ಅಮ್ಮ. ಆರು ಕಿಲೋ ಇಳಿದಿದೆ, ಕಾರಣ ಗೊತ್ತಿಲ್ಲ, ಬಿದ್ದುಬಿಟ್ರೆ ಅಂತ ಹೆದರಿ ಬರೆದೆ. ಪೆನ್ಸಿಲಲ್ಲೇ ಬರೆದಿದ್ದೀನಿ" ಎಂದಳು ನರ್ಸು. ಅವಳ ಮುಖದ ನಗು ಹೋಗಿತ್ತು. ನಗುವಿಲ್ಲದ ಆ ಮುಖವನ್ನು ನೋಡಿ ತಕ್ಕಡಿಯಮ್ಮನಿಗೆ ಮೊದಲ ಬಾರಿಗೆ ಇವಳು ಸುಳ್ಳು ಹೇಳುತ್ತಿಲ್ಲವೇನೋ ಎನಿಸಿತು.

ಮೇಟ್ರನ್ ಕೋಣೆಗೆ ಆಕೆ ಹೋದದ್ದು ಜಗಳಕ್ಕೆ ಸಿದ್ಧವಾಗಿಯೇ. ಮೇಷ್ಟ್ರನ್ನು ಸಾಗಿಸಿದಿರಿ, ಈಗ ನನ್ನ ಸರದಿಯೇ ಎಂದು ಕೇಳಿದಳು. ಮೇಟ್ರನ್ ಕುಳ್ಳನೆಯ, ಸದಾ ಅವಸರದಲ್ಲಿರುವ ಹೆಂಗಸು. ಇಪ್ಪತ್ತೆಂಟು ಜನರಿಗೆ ಅವಳ ಕೈಕೆಳಗಿದ್ದದ್ದು ನಾಲ್ಕು ಜನ ಆಯಾಗಳು. ಅವಳು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ಹಿಂದಿನ ಸಾಲು ಜೈಲು ಅಂತ ಯಾರು ಹೇಳಿದರು ಎಂದು ಕೇಳಿದಳು. ಅಲ್ಲಿ ಗೋಡೆಗೆಲ್ಲ ಹಿಡಿಕೆಗಳಿವೆ, ಮಂಚಕ್ಕೊಂದು ಕರೆಗಂಟೆಯಿದೆ, ಯಾರಿಗೆ ಯಾವಾಗ ಅದು ಬೇಕಾಗುತ್ತದೆ ಎಂದು ತನಗೆ ಮೊದಲೇ ತಿಳಿಯಬೇಡವೇ ಎಂದಳು. ಆಮೇಲೆ ಹೇಳಿದಳು:

"ಮೇಷ್ಟ್ರನ್ನ ನಾವು ಕಳಿಸಲಿಲ್ಲ. ಅವರೇ ಕೇಳಿ ಹೋದ್ರು. ಎರಡು ಸಲ ಬಿದ್ದಿದ್ರು, ನಿಮಗೆಲ್ಲ ಹೇಳೋಕೆ ನಾಚಿಕೆ. ನಂಬಿಕೆ ಇಲ್ಲದಿದ್ರೆ ಹೋಗಿ ಕೇಳಿ. ಇಪ್ಪತ್ತು ಹೆಜ್ಜೆ."

ನಂಬಿಕೆ ಇರಲಿಲ್ಲ. ಅದಕ್ಕೇ ಹೋದಳು. ಪಡಸಾಲೆ ತಿರುಗುವಲ್ಲಿ ಕಾಲು ಒಂದು ಕ್ಷಣ ಹಿಂಜರಿಯಿತು, ಆದರೂ ತಿರುಗಿದಳು. ಎರಡನೇ ಕೋಣೆಯಲ್ಲಿ ಮೇಷ್ಟ್ರು ಗೋಡೆಯ ಹಿಡಿಕೆ ಹಿಡಿದು ನಿಂತು, ಹತ್ತರಿಂದ ಹಿಂದಕ್ಕೆ ಎಣಿಸುತ್ತಾ ಒಂದೊಂದೇ ಕಾಲು ಎತ್ತುತ್ತಿದ್ದರು. ನರ್ಸು ಹೇಳಿಕೊಟ್ಟ ವ್ಯಾಯಾಮವಂತೆ. ಆಕೆಯನ್ನು ಕಂಡು ಎಣಿಕೆ ತಪ್ಪಿದರು. ಕೂರಲು ಹೇಳಿ, ತಾವೂ ಮಂಚದ ಅಂಚಿಗೆ ಕೂತರು. ಮೇಟ್ರನ್ ಹೇಳಿದ್ದೆಲ್ಲ ನಿಜವೇ ಎಂದು ಆಕೆ ಕೇಳಿದಳು. ನಿಜವೇ ಎಂದರು. ನೆನಪಿನ ಪರೀಕ್ಷೆಯಲ್ಲಿ ಮೂವತ್ತಕ್ಕೆ ಇಪ್ಪತ್ತೊಂಬತ್ತು ಬಂದಿತ್ತಂತೆ, ಒಂದು ಅಂಕ ಯಾಕೆ ಹೋಯಿತೆಂದು ಅವರಿಗೆ ಇನ್ನೂ ಅಸಮಾಧಾನವಿತ್ತು.

"ಇಲ್ಲಿಗೆ ಬಂದ ಮೇಲೆ ಒಂದು ಸಲಾನೂ ಬಿದ್ದಿಲ್ಲ" ಎಂದರು ಮೇಷ್ಟ್ರು. "ಆದ್ರೆ ಒಬ್ಬರೂ ಬಂದಿಲ್ಲ. ಪೇಪರು ನನ್ನೊಳಗೇ ಓದ್ಕೋತೀನಿ."

ತಕ್ಕಡಿಯಮ್ಮ ಪೇಪರಿನ ಕಡೆ ನೋಡಿದಳು. ಅಕ್ಕಿ ಚೀಲ ತೂಗಿಸಿದವಳು, ಬಕೆಟ್ಟಿನ ಮುಚ್ಚಳ ತೆಗೆಸಿದವಳು, ನೀರಿನ ಕ್ಯಾನು ಹೊರಿಸಿದವಳು ತಾನು. ಇಪ್ಪತ್ತು ಹೆಜ್ಜೆ ನಡೆದು ಬಂದು ಕೇಳಿದ್ದರೆ ನಾಲ್ಕು ತಿಂಗಳ ಹಿಂದೆಯೇ ತಿಳಿಯುತ್ತಿತ್ತು. ಕೇಳದೇ ಇದ್ದದ್ದು ಅನುಮಾನದಿಂದಲ್ಲ, ಹೆದರಿಕೆಯಿಂದ. ಮಂಚದ ಮೇಲಿದ್ದ ಪೇಪರನ್ನು ಎತ್ತಿ ಮೇಷ್ಟ್ರ ಕೈಗೆ ಕೊಟ್ಟು ಓದಿ ಎಂದಳು. ಅವರು ಓದಿದರು. ದನಿ ಮೊದಲಿನಷ್ಟೇ ಜೋರಿತ್ತು.

ಆದರೂ ಮೇಟ್ರನ್‌ಗೆ ಆಕೆ ಸುಲಭವಾಗಿ ಬಿಟ್ಟುಕೊಡಲಿಲ್ಲ. ಸಂಜೆ ಮತ್ತೆ ಆ ಕೋಣೆಗೆ ಹೋಗಿ, ಮೇಷ್ಟ್ರ ವಿಷಯದಲ್ಲಿ ತನ್ನದು ತಪ್ಪು, ಹಾಳೆಯ ವಿಷಯದಲ್ಲಿ ನಿಮ್ಮದು ತಪ್ಪು ಎಂದಳು. "ಬರೀಬೇಡಿ ಅನ್ನಲ್ಲ. ಬರೆದದ್ದನ್ನ ನಮಗೆ ಓದಿ ಹೇಳಿ. ಅಂಗಡಿ ತಕ್ಕಡಿಯ ಮುಖ ಗಿರಾಕಿ ಕಡೆಗಿರಬೇಕು ಅನ್ನೋದು ಕಾನೂನು ಮೇಡಂ. ನಮ್ಮನ್ನ ತೂಗೋ ತಕ್ಕಡಿ ಮಾತ್ರ ಯಾಕೆ ನಿಮ್ಮ ಕಡೆ ತಿರುಗಿದೆ?"

ಮೇಟ್ರನ್ ನೋಡೋಣ ಎಂದಳು. ನೋಡೋಣ ಎಂದರೆ ಏನರ್ಥವೆಂದು ಸರ್ಕಾರಿ ನೌಕರಿ ಮಾಡಿದವರಿಗೆ ಹೇಳಿಕೊಡಬೇಕಾಗಿಲ್ಲ. ತಕ್ಕಡಿಯಮ್ಮ ತಿಂಗಳಿಡೀ ನಾಲ್ಕು ಸಲ ಹೋಗಿ ನೆನಪಿಸಿದಳು. ಕೊನೆಗೆ ಹೊಸ ಹಾಳೆ ಬಂತು. ಖಾನೆ ಹೋಗಿರಲಿಲ್ಲ, ಆದರೆ ಅದರ ಪಕ್ಕ ಇನ್ನೊಂದು ಖಾನೆ ಸೇರಿತ್ತು, 'ಓದಿ ಹೇಳಲಾಗಿದೆ' ಎಂದು, ಕೆಳಗೆ ರುಜುವಿಗೆ ಜಾಗ. ಯಾರನ್ನಾದರೂ ಕೋಣೆ ಬದಲಿಸುವುದಾದರೆ ಅವರ ಜೊತೆಯೂ ಮನೆಯವರ ಜೊತೆಯೂ ಕೂತು ಮಾತಾಡಿದ ಮೇಲೆಯೇ ಎಂದು ಗೋಡೆಗೂ ಒಂದು ಕಾಗದ ಅಂಟಿಸಿದರು.

ಆ ಗುರುವಾರ ತಿಳಿವಳಿಕೆಯ ಪಾಠ ಬಾಯಿಯ ಬಗ್ಗೆ. ಇದಕ್ಕೂ ಕಾರಣ ತಕ್ಕಡಿಯಮ್ಮನೇ. ಯಾರ ಹೆಸರನ್ನೂ ಹೇಳದೆ, ಮುಂದಿನ ಸಾರಿ ಹಲ್ಲಿನ ವಿಷಯ ಎತ್ತಿ ನೋಡಿ ಎಂದಷ್ಟೇ ನರ್ಸಿನ ಕಿವಿಗೆ ಹಾಕಿದ್ದಳು. ವಯಸ್ಸಾದಂತೆ ವಸಡು ಸವೆದು ಹಲ್ಲಿನ ಸೆಟ್ಟು ಸಡಿಲವಾಗುತ್ತದೆ, ಅದನ್ನು ಸರಿಮಾಡಿಸಬಹುದು, ಮಲಗುವಾಗ ತೆಗೆದಿಡಬೇಕು, ಬಾಯಲ್ಲಿ ಹುಣ್ಣಾಗಿ ಮೂರು ವಾರಕ್ಕೂ ಮಾಯದಿದ್ದರೆ ತೋರಿಸಲೇಬೇಕು ಎಂದು ನರ್ಸು ವಿವರಿಸಿದಳು. ಯಾರಿಗಾದರೂ ಅಗಿಯಲು ಕಷ್ಟವಿದೆಯೇ ಎಂದು ಕೇಳಿದಳು. ಊಟದ ಮನೆಯಲ್ಲಿ ಒಬ್ಬರೂ ಮಿಸುಕಲಿಲ್ಲ. ಎಲ್ಲರೂ ತಂತಮ್ಮ ಮಡಿಲು ನೋಡುತ್ತಾ ಕೂತಿದ್ದರು.

ತಕ್ಕಡಿಯಮ್ಮ ಎದ್ದಳು. ಮೇಜಿನ ಮೇಲಿದ್ದ ಸ್ಟೀಲಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು, ಬಾಯಿಗೆ ಕೈಹಾಕಿ, ಕೆಳಗಿನ ಸೆಟ್ಟನ್ನು ತೆಗೆದು ಟಣ್ಣೆಂದು ಬಟ್ಟಲಿಗೆ ಹಾಕಿದಳು. ಮೂವತ್ತೊಂದು ವರ್ಷ ಊರಿನ ಮೋಸ ಹಿಡಿದು, ಒಂದು ವರ್ಷ ತಾನೇ ಮೋಸ ಮಾಡಿದ್ದೇನೆ ಎಂದು ಹೇಳಬೇಕೆಂದುಕೊಂಡಿದ್ದಳು. ಹಲ್ಲಿಲ್ಲದ ಬಾಯಲ್ಲಿ ಮೂವತ್ತೊಂದು ಎನ್ನುವುದೇ ಹೊರಡದೆ ಮೂವತ್ತು ಎಲ್ಲೋ ಸೋರಿಹೋಗಿ ಬರೀ ಗಾಳಿ ಬಂತು. ಮೊದಲು ನಕ್ಕವನು ಅಡುಗೆಯವನು. ಆಮೇಲೆ ಎಲ್ಲರೂ ನಕ್ಕರು. ಆಕೆ ಮಾತು ನಿಲ್ಲಿಸಿ, ಬಾಯಿ ಅಗಲಿಸಿ, ವಸಡಿನ ಕೆಂಪು ಜಾಗಕ್ಕೆ ಬೆರಳಿಟ್ಟು ನರ್ಸಿಗೆ ತೋರಿಸಿದಳು. ನಗು ನಿಂತಿತು. ಡ್ರೈವರಣ್ಣ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಸಿಸ್ಟರ್ ನನ್ನದೂ ಒಂಚೂರು ನೋಡಿ, ಎಂದ. ಅರ್ಧ ಗಂಟೆಯ ಪಾಠ ಅವತ್ತು ಎರಡು ಗಂಟೆ ನಡೆಯಿತು.

ಎರಡು ವಾರ ಬಿಟ್ಟು ಹಲ್ಲಿನ ಡಾಕ್ಟರು ಬಂದರು. ಡ್ರೈವರಣ್ಣನ ಮೂರು ಹಲ್ಲು ಕಿತ್ತು ಹೊಸ ಸೆಟ್ಟಿಗೆ ಅಚ್ಚು ತೆಗೆದುಕೊಂಡರು. ಬೇರೆ ಆರು ಜನರ ಸೆಟ್ಟು ಸರಿಪಡಿಸಿದರು. ಒಬ್ಬ ಅಜ್ಜಿಗೆ ಹಲ್ಲಿನ ತೊಂದರೆಯೇ ಅಲ್ಲ, ನುಂಗುವುದೇ ಕಷ್ಟವೆಂದು ತಿಳಿದು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಆಕೆಯ ಮಗ ಬಂದು, ಕೂತು ಮಾತಾಡಿ, ಆಕೆ ಹಿಂದಿನ ಸಾಲಿಗೆ ಹೋದಳು. ಈ ಸಲ ಮುಂದಿನ ಸಾಲಿನವರು ಸಾಮಾನು ಸಾಗಿಸಲು ಕೈ ಹಾಕಿದರು, ಮಂಚದ ಪಕ್ಕ ಕೂತು ಚಹಾ ಕುಡಿದು ಬಂದರು. ತಕ್ಕಡಿಯಮ್ಮನ ವಸಡಿನ ಹುಣ್ಣನ್ನು ಡಾಕ್ಟರು ಬಹಳ ಹೊತ್ತು ದೀಪ ಹಿಡಿದು ನೋಡಿದರು. ಸೆಟ್ಟು ತೀಡಿ ಕೊಡುತ್ತೇನೆ, ಮೂರು ವಾರದಲ್ಲಿ ಮಾಯಬೇಕು, ಮಾಯದಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ ಎಂದರು.

ಆ ಮೂರು ವಾರ ಆಕೆಗೆ ದೊಡ್ಡದಾಯಿತು. ದಿನಾ ಬೆಳಿಗ್ಗೆ ಕೈಗನ್ನಡಿ ಹಿಡಿದು ಕಿಟಕಿಯ ಬೆಳಕಿಗೆ ಬಾಯಿ ಒಡ್ಡಿ ನೋಡುತ್ತಿದ್ದಳು. ಚಿಕ್ಕದಾಗಿದೆ ಎನಿಸಿದರೆ ಕನ್ನಡಿಯನ್ನೇ ಅನುಮಾನಿಸುತ್ತಿದ್ದಳು. ಭಾನುವಾರ ಬಂದ ತಂಗಿಯ ಮಗಳಿಗೆ ಮೊಬೈಲಿನ ದೀಪ ಹಾಕಿ ನೋಡು ಎಂದಳು. ಅವಳು ನೋಡಿ, "ಮಾಯ್ತಿದೆ ದೊಡ್ಡಮ್ಮ" ಎಂದಳು. ಸಮಾಧಾನಕ್ಕೆ ಹೇಳಬೇಡ ಎಂದಳು ಈಕೆ. ಹತ್ತೊಂಬತ್ತನೇ ದಿನಕ್ಕೆ ಹುಣ್ಣು ಪೂರಾ ಮಾಯಿತು. ಡಾಕ್ಟರು ಬಾಯಿಗೆ ಬೆರಳು ಹಾಕಿ ಒತ್ತಿ ನೋಡಿ, ಏನೂ ಇಲ್ಲ ಎಂದರು. ಇನ್ನೊಂದು ಸಲ ಒತ್ತಿ ನೋಡಿ ಎಂದಳು ತಕ್ಕಡಿಯಮ್ಮ. ಅವರು ನಗುತ್ತಾ ಇನ್ನೊಂದು ಸಲ ನೋಡಿದರು.

ಅಡುಗೆಯವನು ಸೇಬನ್ನು ಬೇಯಿಸಿ ಕೊಡತೊಡಗಿದ, ಸೊಪ್ಪಿನ ದಂಟು ತೆಗೆದು ಸಣ್ಣಗೆ ಹೆಚ್ಚತೊಡಗಿದ. ಹಿತ್ತಲಿನ ಬಕೆಟ್ಟು ಎರಡು ಕಿಲೋಗೆ ಇಳಿಯಿತು. ಎಂಟನೇ ತಿಂಗಳ ತಪಾಸಣೆ ಬಂದಾಗ ಚಳಿ ಹಿಡಿದಿತ್ತು. ತಕ್ಕಡಿಯಮ್ಮ ಶಾಲು ಹೊದ್ದು ಬಂದು ಯಂತ್ರ ಹತ್ತಿದಳು. ನಲವತ್ತೊಂಬತ್ತೂ ಇನ್ನೂರು ಎಂದು ನರ್ಸು ಖುಷಿಯಿಂದ ಓದಿ ಹೇಳಿ, ಪೆನ್ನು ಎತ್ತಿಕೊಂಡಳು. ತಡೀರಿ ಎಂದು ತಕ್ಕಡಿಯಮ್ಮ ಕೆಳಗಿಳಿದಳು, ಶಾಲು ತೆಗೆದು ಕುರ್ಚಿಯ ಮೇಲಿಟ್ಟು, ಚಪ್ಪಲಿಯನ್ನೂ ಬಿಟ್ಟು, ಮತ್ತೆ ಹತ್ತಿದಳು. ನಲವತ್ತೆಂಟು ಆರುನೂರು.

"ಈಗ ಬರೀರಿ" ಎಂದಳು.